ಸಿನೆಮಾ ಪ್ಯಾರಡಿಸೊ: ಆಲ್ಫ್ರೆಡೊ–ಟೊಟೊ ಗೆಳೆತನ, ಯಾವ ಆವೃತ್ತಿ ತೋರಿಸುವುದು?

ಪರದೆಪ್ರಿಯ

ಎಲ್ಲರಿಗೂ ನಮಸ್ಕಾರ. ಜುಸೆಪ್ಪೆ ತೊರ್ನತೋರೆಯ ‘ನುವೊವೊ ಸಿನೆಮಾ ಪ್ಯಾರಡಿಸೊ’ (1988) ನನಗೆ ಅಚ್ಚುಮೆಚ್ಚಿನ ಚಿತ್ರ. ಸಿಸಿಲಿಯ ಸಣ್ಣ ಊರಿನ ಟಾಕೀಸಿನಲ್ಲಿ ಮಕ್ಕಳಿಲ್ಲದ ಆಪರೇಟರ್ ಆಲ್ಫ್ರೆಡೊ, ಯುದ್ಧಕ್ಕೆ ಹೋದ ತಂದೆಯನ್ನು ಕಳೆದುಕೊಂಡ ಹುಡುಗ ಟೊಟೊ. ಇಬ್ಬರ ಸ್ನೇಹ ಬೆಳೆಯುವ ರೀತಿ ಇಷ್ಟು ಚೆನ್ನಾಗಿ ಬಂದಿರುವ ಸಿನೆಮಾ ಅಪರೂಪ. ಹೈಸ್ಕೂಲು ಮಕ್ಕಳು ಮತ್ತು ಅವರ ಅಜ್ಜ–ಅಜ್ಜಿಯರು ಒಟ್ಟಿಗೆ ಕೂತು ನೋಡುವ ಹಾಗೆ ಒಂದು ಪ್ರದರ್ಶನ ಇಡಬೇಕೆಂದಿದ್ದೇವೆ. ಎರಡು ಗಂಟೆಯದು, ಎರಡೂವರೆ ಗಂಟೆಯದು, ಮೂರು ಗಂಟೆಗೆ ಹತ್ತಿರದ್ದು ಅಂತ ಮೂರು ಆವೃತ್ತಿಗಳಿವೆ. ಯಾವುದು ಸರಿ? ಫಿಲ್ಮು ಹೊತ್ತಿ ಉರಿಯುವುದನ್ನು, ಮುತ್ತಿನ ದೃಶ್ಯ ಕತ್ತರಿಸುವುದನ್ನು ಮೊಬೈಲಿನಲ್ಲೇ ಸಿನೆಮಾ ನೋಡಿ ಬೆಳೆದ ಮಕ್ಕಳಿಗೆ ಮೊದಲೇ ವಿವರಿಸಬೇಕೇ?

ರೀಲುಡಬ್ಬಿ

124 ನಿಮಿಷದ್ದನ್ನೇ ಹಾಕಿ. ಇಟಲಿಯಲ್ಲಿ ಮೊದಲು ಬಿಡುಗಡೆಯಾದದ್ದು 155 ನಿಮಿಷದ್ದು, ಅದು ಓಡಲಿಲ್ಲ. ಕತ್ತರಿಸಿ ಚಿಕ್ಕದು ಮಾಡಿದ ಮೇಲೆ 1989ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ, 1990ರಲ್ಲಿ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂತು. 173 ನಿಮಿಷದ ನಿರ್ದೇಶಕರ ಆವೃತ್ತಿ ಅಮೆರಿಕದ ಟಾಕೀಸುಗಳಿಗೆ ಬಂದದ್ದು 2002ರಲ್ಲಿ. ಅಲ್ಲಿ ಅದಕ್ಕೆ ‘ಆರ್’ ದರ್ಜೆ (17ರೊಳಗಿನವರು ದೊಡ್ಡವರ ಜೊತೆಯಲ್ಲೇ ನೋಡಬೇಕು), ಚಿಕ್ಕದಕ್ಕೆ ‘ಪಿಜಿ’ (ಪೋಷಕರ ಮಾರ್ಗದರ್ಶನ ಇರಲಿ ಎನ್ನುವ ದರ್ಜೆ). ಚಿಕ್ಕದರಲ್ಲೂ ಟಾಕೀಸಿನೊಳಗಿನ ಪೋಲಿತನದ ಒಂದೆರಡು ತುಣುಕುಗಳಿವೆ, ನೀವು ಮೊದಲೇ ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಚಿತ್ರ ನೋಡದವರು ಮುಂದಿನ ಪ್ಯಾರಾ ಬಿಟ್ಟುಬಿಡಿ.

ಉದ್ದದ ಆವೃತ್ತಿಯಲ್ಲಿ ಟೊಟೊ ಹರೆಯದಲ್ಲಿ ಪ್ರೀತಿಸಿದ ಎಲೆನಾ ವರ್ಷಗಳ ನಂತರ ಮತ್ತೆ ಸಿಗುತ್ತಾಳೆ, ಅವರಿಬ್ಬರೂ ದೂರವಾದದ್ದರಲ್ಲಿ ಆಲ್ಫ್ರೆಡೊನ ಕೈವಾಡ ಇತ್ತೆಂದು ತಿಳಿಯುತ್ತದೆ. ಆಗ ಚಿತ್ರದ ತೂಕವೇ ಬೇರೆ ಕಡೆ ವಾಲುತ್ತದೆ. ಈ ಗೆಳೆತನ ನಿಂತಿರುವುದು ಕೆಲಸದ ಮೇಲೆ. ವಯಸ್ಕರು ಮಕ್ಕಳ ಜೊತೆ ಕೂತು ಪ್ರಾಥಮಿಕ ಪರೀಕ್ಷೆ ಬರೆಯುವಾಗ ಆಲ್ಫ್ರೆಡೊನಿಗೆ ಉತ್ತರ ಬೇಕು, ಟೊಟೊನಿಗೆ ಪ್ರೊಜೆಕ್ಟರ್ ಕಲಿಯಬೇಕು. ಕಣ್ಸನ್ನೆಯಲ್ಲೇ ವ್ಯಾಪಾರ ಕುದುರುತ್ತದೆ. ಆಮೇಲಿನ ಪ್ರೀತಿಯೆಲ್ಲ ರೀಲು ಸುತ್ತುತ್ತಾ, ಬೈಸಿಕೊಳ್ಳುತ್ತಾ ಹುಟ್ಟಿದ್ದು. ಮೊದಲ ಸಲ ನೋಡುವವರಿಗೆ ಇದು ಕೆಡದೆ ಸಿಗಬೇಕು.

ಕಾರ್ಬನ್‌ಕಡ್ಡಿ

ಬೆಂಕಿಯ ವಿಷಯ ಖಂಡಿತ ಮೊದಲೇ ಹೇಳಿ. ಅದು ಗೊತ್ತಿಲ್ಲದಿದ್ದರೆ ಆಲ್ಫ್ರೆಡೊ ಹುಡುಗನನ್ನು ಪ್ರೊಜೆಕ್ಟರ್ ರೂಮಿನಿಂದ ಓಡಿಸುವುದು ಬರೀ ಸಿಡುಕಿನಂತೆ ಕಾಣುತ್ತದೆ.

ಆಗಿನ ಫಿಲ್ಮು ನೈಟ್ರೇಟಿನದು. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಹೊತ್ತಿಕೊಳ್ಳುತ್ತದೆ, ಹಳತಾಗಿ ಕೆಟ್ಟಿದ್ದರೆ ಇನ್ನೂ ಕಡಿಮೆಗೇ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಕಂಬಳಿ ಮುಚ್ಚಿದರೂ ನೀರು ಹಾಕಿದರೂ ಆರದು. ಸೆಕೆಂಡಿಗೆ 24 ಫ್ರೇಮಿನಂತೆ ಓಡುವಾಗ ಪ್ರತಿ ಫ್ರೇಮೂ ಗೇಟಿನಲ್ಲಿ (ದೀಪದ ಬೆಳಕು ಫಿಲ್ಮಿನ ಮೇಲೆ ಬೀಳುವ ಕಿಂಡಿ) ಕ್ಷಣ ಮಾತ್ರ ನಿಲ್ಲುತ್ತದೆ. ಫಿಲ್ಮಿನ ಅಂಚಿನ ರಂಧ್ರ ಹರಿದೋ ಅಂಟಿಸಿದ ಜಾಗ ಸಿಕ್ಕಿಕೊಂಡೋ ಫಿಲ್ಮು ನಿಂತರೆ ಕಾರ್ಬನ್ ದೀಪದ ಶಾಖವೆಲ್ಲ ಒಂದೇ ಫ್ರೇಮಿಗೆ ಬೀಳುತ್ತದೆ. ಬೆಂಕಿ ಮೇಲಿನ ರೀಲಿಗೆ ಹತ್ತಬಾರದೆಂದೇ ರೀಲುಪೆಟ್ಟಿಗೆಯ ಬಾಯಲ್ಲಿ ಒತ್ತೊತ್ತಾದ ರೋಲರ್‌ಗಳಿರುತ್ತವೆ, ಗೇಟಿನ ಮುಂದೆ ಬೆಳಕು ತಡೆಯುವ ಶಟರ್ ಇರುತ್ತದೆ. ಎಲ್ಲಕ್ಕಿಂತ ಮುಖ್ಯ ರಕ್ಷಣೆ ಯಂತ್ರದ ಪಕ್ಕ ಬಿಟ್ಟು ಕದಲದ ಆಪರೇಟರ್. ಚೌಕದಲ್ಲಿ ನಿಂತ ಜನರಿಗಾಗಿ ಆಲ್ಫ್ರೆಡೊ ಚಿತ್ರವನ್ನು ಎದುರುಮನೆಯ ಗೋಡೆಗೆ ತಿರುಗಿಸಿದ ರಾತ್ರಿ ತಪ್ಪಿದ್ದು ಆ ಗಮನವೇ. ಜನರೆಲ್ಲ ಓಡಿಹೋಗುವಾಗ ಎದುರು ನುಗ್ಗಿ ಮೆಟ್ಟಿಲು ಹತ್ತುವವನು ಟೊಟೊ ಒಬ್ಬನೇ.

ಕತ್ತರಿಸುವ ಕೆಲಸವನ್ನೂ ತೋರಿಸಿಕೊಡಿ. ಊರಿನ ಪಾದ್ರಿ ಮೊದಲೇ ಚಿತ್ರ ನೋಡಿ, ಮುತ್ತು ಬಂದಾಗ ಬೇಡವೆಂದು ಗಂಟೆ ಅಲ್ಲಾಡಿಸಿದಾಗಲೆಲ್ಲ ಆಲ್ಫ್ರೆಡೊ ಸುತ್ತುತ್ತಿರುವ ರೀಲಿನ ನಡುವೆ ಕಾಗದದ ಚೂರು ಸಿಕ್ಕಿಸುತ್ತಾನೆ, ಆಮೇಲೆ ಅಲ್ಲಲ್ಲಿ ಕತ್ತರಿ. 5 ಸೆಕೆಂಡಿನ ಮುತ್ತೆಂದರೆ 120 ಫ್ರೇಮು, ಏಳೂವರೆ ಅಡಿ ಫಿಲ್ಮು. ಎರಡು ತುದಿ ಸೇರಿಸಬೇಕಾದರೆ ಒಂದರ ಅಂಚಿನ ಲೇಪನ ಕೆರೆದು, ಫಿಲ್ಮು ಅಂಟಿಸುವ ಸಿಮೆಂಟು ಹಚ್ಚಿ, ಒತ್ತಿ ಹಿಡಿಯಬೇಕು. ಕೆರೆದದ್ದು ಸಾಲದಿದ್ದರೆ ಗೇಟಿನಲ್ಲೇ ಬಿಟ್ಟುಕೊಳ್ಳುತ್ತದೆ. ಇನ್ನೊಂದು ತೊಡಕೂ ಇದೆ: ದನಿಯ ಪಟ್ಟಿ ಚಿತ್ರಕ್ಕಿಂತ ಸುಮಾರು 20 ಫ್ರೇಮು ಮುಂದಿರುತ್ತದೆ. ಹಾಗಾಗಿ ಮುತ್ತು ಕತ್ತರಿಸಿದರೆ ಅದರ ನಂತರದ ಮಾತಿನ ಮೊದಲ ಮುಕ್ಕಾಲು ಸೆಕೆಂಡೂ ಹೋಗುತ್ತದೆ. ಪ್ರಿಂಟು ಹಿಂದಿರುಗಿಸುವ ಮೊದಲು ಎಲ್ಲ ತುಂಡನ್ನೂ ಅದರದರ ಜಾಗಕ್ಕೆ ಕೂಡಿಸಬೇಕು. ಜಾಗ ಸಿಗದ ತುಂಡುಗಳು ಅಲ್ಲೇ ಉಳಿದವು. ಅವು ನಿನ್ನವೇ, ಆದರೆ ನನ್ನ ಹತ್ತಿರ ಇರಲಿ ಎನ್ನುವ ಆಲ್ಫ್ರೆಡೊನ ಮಾತನ್ನು ಪ್ರೇಕ್ಷಕರು ಕೇಳಿಸಿಕೊಳ್ಳಲೇಬೇಕು. ಕೊನೆಯ ದೃಶ್ಯದ ಬೇರು ಅಲ್ಲಿದೆ.

ತುಂಗಾತೀರ

ಆವೃತ್ತಿಯ ಬಗ್ಗೆ ರೀಲುಡಬ್ಬಿಯವರ ಮಾತನ್ನು ಪೂರ್ತಿ ಒಪ್ಪಲಾರೆ. ಹಿರಿಯರು ಕಿರಿಯರ ಬದುಕನ್ನು ಎಷ್ಟರಮಟ್ಟಿಗೆ ತಾವೇ ನಿರ್ಧರಿಸಬಹುದು ಎನ್ನುವ ಪ್ರಶ್ನೆ ಎತ್ತುವುದು ಉದ್ದದ ಆವೃತ್ತಿಯೇ, ನನಗಂತೂ ಅದರಲ್ಲಿ ಆಲ್ಫ್ರೆಡೊ ಇನ್ನಷ್ಟು ನಿಜವಾದ ಮನುಷ್ಯ. ಆದರೂ ಈ ಸಭೆಗೆ ಚಿಕ್ಕದೇ ಸರಿ, ದರ್ಜೆಯ ಕಾರಣಕ್ಕೆ ಮತ್ತು ಅಜ್ಜಂದಿರ ಬೆನ್ನಿನ ಕಾರಣಕ್ಕೆ.

ಸಬ್‌ಟೈಟಲ್ ಫೈಲು ಅದೇ ಆವೃತ್ತಿಯದ್ದೇ ಎಂದು ನೋಡಿ. 155 ನಿಮಿಷದ್ದರ ಫೈಲು 124ಕ್ಕೆ ಕೂರುವುದೇ ಇಲ್ಲ. ಯುರೋಪಿನ ‘ಪಾಲ್’ (PAL) ಟಿವಿ ಪದ್ಧತಿಯ ಡಿವಿಡಿ ಸೆಕೆಂಡಿಗೆ 25 ಫ್ರೇಮಿನಲ್ಲಿ ಓಡುವುದರಿಂದ 124 ನಿಮಿಷ 119 ಆಗುತ್ತದೆ. 24 ಫ್ರೇಮಿನ ಸಬ್‌ಟೈಟಲ್ ಅದಕ್ಕೆ ಹಾಕಿದರೆ ನಿಮಿಷಕ್ಕೆ 2.4 ಸೆಕೆಂಡು ಹಿಂದೆ ಬೀಳುತ್ತಾ ಹೋಗುತ್ತದೆ. ಮುಂದೆ–ಹಿಂದೆ ಸರಿಸಿದರೆ ಒಂದು ದೃಶ್ಯಕ್ಕೆ ಹೊಂದೀತು, ಮುಂದಿನದಕ್ಕೆ ತಪ್ಪುತ್ತದೆ. ಸಬ್‌ಟೈಟಲ್ ತಂತ್ರಾಂಶದಲ್ಲಿ ಫ್ರೇಮ್ ದರವನ್ನೇ 24ರಿಂದ 25ಕ್ಕೆ ಬದಲಿಸಿ.

ಚಿತ್ರದ ಅಳತೆ 1.66:1. ಈಗಿನ 16:9 ಪ್ರೊಜೆಕ್ಟರಿನಲ್ಲಿ ಎಡಬಲ ಸಣ್ಣ ಕಪ್ಪುಪಟ್ಟಿ ಬರುವುದು ಸಹಜ, ಎಳೆದು ತುಂಬಿಸಬೇಡಿ.

ಪರದೆಪ್ರಿಯ

ತುಂಬಾ ಥ್ಯಾಂಕ್ಸ್. 124 ನಿಮಿಷದ್ದೇ ಇಡುತ್ತೇವೆ. ಒಂದು ಅನುಮಾನ: ಆಲ್ಫ್ರೆಡೊನ ತುಟಿಗೂ ಮಾತಿಗೂ ಕೆಲವೆಡೆ ಹೊಂದುವುದಿಲ್ಲ. ಫೈಲಿನ ದೋಷವೇ?

ಕಾರ್ಬನ್‌ಕಡ್ಡಿ

ಅಲ್ಲ. ಫಿಲಿಪ್ ನ್ವಾರೆ ಫ್ರೆಂಚ್ ನಟ, ಇಟಾಲಿಯನ್ ದನಿ ಬೇರೆಯವರದು. ಅವರ ತುಟಿ ನೋಡಿಕೊಂಡು ಆಡಿಯೊ ಸರಿಸಲು ಹೋದರೆ ಉಳಿದದ್ದೆಲ್ಲ ಕೆಡುತ್ತದೆ. ಪಾದ್ರಿ ಗಂಟೆ ಅಲ್ಲಾಡಿಸುವ ದೃಶ್ಯ ಹಾಕಿ, ಕೈ ಅಲುಗುವುದಕ್ಕೂ ಗಂಟೆಯ ಸದ್ದಿಗೂ ಹೊಂದುತ್ತದೆಯೇ ನೋಡಿ. ಹೊಂದಿದರೆ ಏನೂ ಮುಟ್ಟಬೇಡಿ.