ಅಪ್‌ಡೇಟ್: ಆಯಿಯ ವಸಡಿನ ರಕ್ತ ನಿಂತಿದೆ, ಕಾರಣವೂ ಸಿಕ್ಕಿತು

ಹೃದಯದ ಕೃತಕ ಕವಾಟಕ್ಕಾಗಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತಗೊಳ್ಳುವ ನಮ್ಮ ಆಯಿಗೆ, ಹಲ್ಲುನೋವಿನ ಮಾತ್ರೆ ಶುರುವಾದ ಮೇಲೆ ವಸಡಿನಲ್ಲಿ ರಕ್ತ ಯಾಕೆ ಬರ್ತಿದೆ ಅಂತ ಕೇಳಿದ್ದೆ. ತಕ್ಷಣ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಅಳತೆ, ಜಾಸ್ತಿ ಇದ್ದಷ್ಟೂ ರಕ್ತಸ್ರಾವದ ಅಪಾಯ ಜಾಸ್ತಿ) ನೋಡಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಶಿರಸಿಯಲ್ಲೇ ಪರೀಕ್ಷೆ ಆಯಿತು. ಆಯಿಗೆ 2.5ರಿಂದ 3.5ರೊಳಗೆ ಇರಬೇಕು, 6.2 ಬಂತು!

ಹಲ್ಲಿನ ಸೋಂಕಿಗೆ ತಗೊಂಡ ಮೆಟ್ರೊನಿಡಜೋಲ್ ಮುಖ್ಯ ಕಾರಣ ಅಂದರು ಡಾಕ್ಟರು. ದೇಹದಲ್ಲಿ ವಾರ್ಫರಿನ್ ಒಡೆದು ಖಾಲಿ ಮಾಡುವುದು ಲಿವರ್‌ನ ಸಿವೈಪಿ2ಸಿ9 ಎಂಬ ಕಿಣ್ವ. ಅದರ ಕೆಲಸಕ್ಕೆ ಮೆಟ್ರೊನಿಡಜೋಲ್ ಅಡ್ಡ ಬರುತ್ತದೆ. ಹಾಗಾಗಿ ನುಂಗಿದ್ದು ದಿನದ ಡೋಸೇ ಆದರೂ ರಕ್ತದಲ್ಲಿ ವಾರ್ಫರಿನ್ ಏರುತ್ತಲೇ ಹೋಯಿತು. ಜೊತೆಗಿದ್ದ ನೋವಿನ ಮಾತ್ರೆ ಡೈಕ್ಲೋಫೆನಾಕ್‌ದು ಬೇರೆ ದಾರಿ. ಅದು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಕೆಲಸ ತಗ್ಗಿಸುತ್ತದೆ, ಹೊಟ್ಟೆಯ ಒಳಪದರಕ್ಕೂ ಪೆಟ್ಟು ಕೊಡುತ್ತದೆ. ನನಗೆ ಜಾಸ್ತಿ ಭಯ ಆಗಿದ್ದು ಇದಕ್ಕೇ. ವಸಡಿನ ರಕ್ತ ಕಾಣುತ್ತದೆ, ಹೊಟ್ಟೆಯೊಳಗಿನದು ಕಾಣೋದಿಲ್ಲ ಅಲ್ವಾ?

ಡಾಕ್ಟರು ಎರಡೂ ಮಾತ್ರೆ ಬದಲಿಸಿದರು, ವಾರ್ಫರಿನ್ ಸ್ವಲ್ಪ ತಡೆದು ಮತ್ತೆ ಶುರು ಮಾಡಿಸಿದರು. ನೋವಿಗೆ ಈಗ ಪ್ಯಾರಾಸಿಟಮಾಲ್ ಮಾತ್ರ. ಅದನ್ನೂ ದಿನಾ ಜಾಸ್ತಿ ತಗೊಂಡರೆ ಐಎನ್‌ಆರ್ ಏರಬಹುದಂತೆ.

ಹೆದರಿ ಬಸಳೆ, ಹರಿವೆ ಎಲ್ಲ ಬಿಟ್ಟಿದ್ದರು ಆಯಿ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ಎದುರು ನಿಲ್ಲುತ್ತದೆ ನಿಜ. ಆದರೆ ಬಿಡಬೇಕಿಲ್ಲ, ವಾರವಾರ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ ಅಂದರು. ನಿನ್ನೆ ಬಸಳೆ ಹುಳಿ ಮಾಡಿಸಿಕೊಂಡು ಊಟ ಮಾಡಿದರು.

ಐಎನ್‌ಆರ್ ಈಗ 3.1. ಮುಂದಿನ ವಾರ ಮತ್ತೊಮ್ಮೆ ನೋಡಿಸಬೇಕು.