ಸಹಾಯ ಬೇಕು: ನೆಕ್ಸಾನ್ ಇವಿ ಸಾಕೇ, ಕ್ರೆಟಾ ಎಲೆಕ್ಟ್ರಿಕ್ ಕೊಳ್ಳಲೇ?

ಎಲ್ಲರಿಗೂ ನಮಸ್ಕಾರ. ಮನೆ ಧಾರವಾಡದ ಸಪ್ತಾಪುರದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನದ ಓಡಾಟಕ್ಕೆ ಯಾವ ವಿದ್ಯುತ್ ಕಾರಾದರೂ ಸಾಕು. ಚಿಂತೆಯೆಲ್ಲ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವ 400 ಕಿ.ಮೀ.ಗೂ ಹೆಚ್ಚಿನ ದಾರಿಯದು.

2025ರಲ್ಲಿ ಕ್ರೆಟಾ ಎಲೆಕ್ಟ್ರಿಕ್ ಬಿಡುಗಡೆಯಾದಾಗ, ಪರೀಕ್ಷೆಯಲ್ಲಿ ಪೂರ್ತಿ ಚಾರ್ಜ್‌ಗೆ ಅದರ 51.4 ಕಿಲೋವ್ಯಾಟ್ ಅವರ್ ಬ್ಯಾಟರಿ 473 ಕಿ.ಮೀ., ನೆಕ್ಸಾನ್‌ನ 45 ಕಿಲೋವ್ಯಾಟ್ ಅವರ್ ಬ್ಯಾಟರಿ 489 ಕಿ.ಮೀ. ಓಡುತ್ತದೆ ಎನ್ನುತ್ತಿದ್ದರು. ಚಿಕ್ಕ ಬ್ಯಾಟರಿಯೇ ಹೆಚ್ಚು ಓಡುತ್ತದೆಯೇ? ಈ ಪರೀಕ್ಷೆಯ ಲೆಕ್ಕ ನನಗೆ ಒಪ್ಪಿಗೆಯಾಗುತ್ತಿಲ್ಲ. ನಾಲ್ಕು ಜನ ಕುಳಿತು, ಎಸಿ ಹಾಕಿ, ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋದವರು ನಿಜವಾದ ಅಂಕಿ ತಿಳಿಸಿ. ದಾವಣಗೆರೆ, ಚಿತ್ರದುರ್ಗದಲ್ಲಿ ಹಬ್ಬದ ದಿನ ಚಾರ್ಜಿಂಗ್‌ಗೆ ಎಷ್ಟು ಹೊತ್ತು ಕಾದಿರಿ?

ಇನ್ನೊಂದು ಮಾತು. ಮೊನ್ನೆ ಶೋರೂಮಿನಲ್ಲಿ ಅವ್ವ ಹಿಂದಿನ ಸೀಟಿನಲ್ಲಿ ಕುಳಿತು, ಮೊಣಕಾಲು ಒತ್ತಿಕೊಳ್ಳುತ್ತ, "ತೊಡೆಗೆ ಆಸರೆಯೇ ಇಲ್ಲ" ಎಂದಳು. ಅವಳ ಮಾತೇ ನನಗೆ ಮುಖ್ಯ. ಹಿರಿಯರನ್ನು ದೂರ ಕರೆದೊಯ್ದವರು ದಯವಿಟ್ಟು ಬರೆಯಿರಿ.