ಮಗಳ ಕಾಲೇಜು ಭೌತಶಾಸ್ತ್ರ: ಎರಡು ತಿಂಗಳಲ್ಲಿ ಏನು ಮಾಡಿಸಲಿ?

ಡಲ್ಲಾಸ್‌ನಿಂದ, ತಾಯಿ:
ಎಲ್ಲರಿಗೂ ನಮಸ್ಕಾರ. ಮಗಳು ಆಗಸ್ಟ್‌ನಲ್ಲಿ ಎಂಜಿನಿಯರಿಂಗ್ ಸೇರುತ್ತಾಳೆ. ಕಳೆದ ವರ್ಷ ಎಪಿ ಫಿಸಿಕ್ಸ್ 1ರಲ್ಲಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) 5ಕ್ಕೆ 4 ಬಂದಿತ್ತು. ಅದಕ್ಕೆ ಭೌತಶಾಸ್ತ್ರದಿಂದ ವಿನಾಯಿತಿ ಇಲ್ಲ, ಮೊದಲಿನಿಂದ ಓದಬೇಕು ಎಂದಿದ್ದಾರೆ ಕಾಲೇಜಿನವರು. ಮೊನ್ನೆ ಅವಳನ್ನು ಕೇಳಿದೆ: ಮೇಲಕ್ಕೆ ಎಸೆದ ಚೆಂಡು ತುತ್ತತುದಿ ಮುಟ್ಟಿದಾಗ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಎಷ್ಟು? ‘ಸೊನ್ನೆ’ ಎಂದಳು! ಸೂತ್ರಗಳೆಲ್ಲ ಬಾಯಿಪಾಠ. ನನಗೆ ನಿದ್ದೆ ಬರುತ್ತಿಲ್ಲ.

ನ್ಯೂಜೆರ್ಸಿಯಿಂದ:
ಟ್ಯೂಷನ್ ಹಾಕಿಸಿ. ನಮ್ಮ ಮಗನಿಗೆ ಒಂಬತ್ತನೆಯ ತರಗತಿಯಿಂದಲೇ ಹಾಕಿಸಿದ್ದೆವು. ಈಗ ಚಿಪ್ ವಿನ್ಯಾಸದ ಕೆಲಸದಲ್ಲಿದ್ದಾನೆ.

ಕ್ಯಾಲಿಫೋರ್ನಿಯಾದಿಂದ, ಹಿರಿಯರು:
ತಂಗಿ, ತಪ್ಪು ಮಗುವಿನದಲ್ಲ, ಇಲ್ಲಿನ ಶಾಲೆಯದು. ದಾವಣಗೆರೆಯಲ್ಲಿ ಪಿಯುಸಿ ಓದುವಾಗ ಕ್ಯಾಲ್ಕುಲೇಟರ್ ಕಂಡವರಲ್ಲ ನಾವು. ಲಾಗ್ ಟೇಬಲ್ ಹಿಡಿದು ಲೆಕ್ಕ ಮಾಡಿದೆವು, ಒಂದೊಂದು ಸೂತ್ರದ ವ್ಯುತ್ಪತ್ತಿಯನ್ನೂ ಹತ್ತು ಸಲ ಬರೆದೆವು. ಊರಿನಿಂದ ಪಿಯುಸಿ ಪುಸ್ತಕ ತರಿಸಿ, ಮೊದಲ ಪುಟದಿಂದ ಮಾಡಿಸಿ. ಬೇರೆ ದಾರಿಯೇ ಇಲ್ಲ.

ಇಲಿನಾಯ್‌ನಿಂದ, ಕಾಲೇಜು ಪ್ರಯೋಗಾಲಯದಲ್ಲಿ ಕಲಿಸುವವರು:
ಅಕ್ಕಾ, ಹೆದರಬೇಡಿ. ಪ್ರತಿ ವರ್ಷವೂ ಇದೇ ‘ಸೊನ್ನೆ’ ಕೇಳುತ್ತೇನೆ, ಒಳ್ಳೆಯ ಅಂಕದ ಮಕ್ಕಳಿಂದಲೂ. ವೇಗ ಸೊನ್ನೆಯಾದರೂ ಗುರುತ್ವ ಎಳೆಯುತ್ತಲೇ ಇರುತ್ತದೆ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ 9.8 ಮೀ/ಸೆ². ಅದೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ನಿಂತಿರುತ್ತಿತ್ತಲ್ಲವೇ ಎಂದು ಅವಳನ್ನೇ ಕೇಳಿ. ಎಪಿ ಫಿಸಿಕ್ಸ್ 1 ಬೀಜಗಣಿತದಲ್ಲೇ ಮುಗಿಯುತ್ತದೆ, ಎಂಜಿನಿಯರಿಂಗ್‌ನವರಿಗೆ ಕಲನಶಾಸ್ತ್ರ (ಕ್ಯಾಲ್ಕುಲಸ್) ಬೇಕು. ವಿನಾಯಿತಿ ಸಿಗದಿರುವುದು ಅದಕ್ಕೇ. ದಿನಕ್ಕೆ ಎರಡೇ ಲೆಕ್ಕ ಸಾಕು. ಸೂತ್ರ ಮುಟ್ಟುವ ಮೊದಲು ವಸ್ತುವನ್ನು ಒಂಟಿಯಾಗಿ ಬರೆದು, ಅದರ ಮೇಲಿನ ಬಲಗಳನ್ನು ಬಾಣದಲ್ಲಿ ತೋರಿಸಲಿ. ಯಾವ ಬಾಣ ಯಾರು ಕೊಟ್ಟದ್ದು ಎಂದು ಬಾಯಲ್ಲಿ ಹೇಳಲಿ. ಸೈನ್, ಕೊಸೈನ್ ಗಟ್ಟಿಯಾಗಲಿ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಪ್ರಯೋಗಗಳು, ಕಂಪ್ಯೂಟರಿನಲ್ಲೇ ಮಾಡಿ ನೋಡುವಂಥವು, ಉಚಿತ, ಅವನ್ನೂ ಮಾಡಿಸಿ.

ಹಿರಿಯರು:
ಬಾಣ ಬರೆಯುವುದು ಚಿಕ್ಕ ಮಕ್ಕಳ ಕೆಲಸ. ಬೇಕಾದದ್ದು ಅಭ್ಯಾಸ, ಅಭ್ಯಾಸ!

ಲಂಡನ್‌ನಿಂದ:
ಸರ್, ನಾನೂ ಪಿಯುಸಿಯಲ್ಲಿ ಹತ್ತು ಸಲ ಬರೆದವನೇ. ನೂರಕ್ಕೆ ತೊಂಬತ್ತೆರಡು ತೆಗೆದೆ, ಆದರೆ ಮಗ ‘ಏಕೆ’ ಎಂದಾಗ ಉತ್ತರ ಹೊಳೆಯಲಿಲ್ಲ. ಗದರಿಸಿ ಕಳುಹಿಸಿದೆ. ಆಮೇಲೆ ಅವನು ಏನನ್ನೂ ಕೇಳಲು ಬರಲಿಲ್ಲ. ಅದು ಇಂದಿಗೂ ನೋಯುತ್ತದೆ.

ನ್ಯೂಜೆರ್ಸಿಯಿಂದ:
ಪಿಯುಸಿಯನ್ನು ದೂರಬೇಡಿ. ನಾವೆಲ್ಲ ಇಲ್ಲಿಗೆ ಬಂದದ್ದೇ ಅದರಿಂದ.

ಹಿರಿಯರು:
ಸರಿಯಾಗಿ ಹೇಳಿದಿರಿ. ಆ ಮೇಷ್ಟರುಗಳ ಋಣ ತೀರಿಸಲಾಗದು.

ತಾಯಿ:
ಇವತ್ತು ಇಳಿಜಾರಿನ ಮೇಲೆ ಪೆಟ್ಟಿಗೆ ಬರೆದಳು. ಹಲಗೆ ಪೆಟ್ಟಿಗೆಯನ್ನು ಒತ್ತುವ ಬಲವನ್ನು ನೆಟ್ಟಗೆ ಆಕಾಶಕ್ಕೆ ತೋರಿಸಿದ್ದಾಳೆ. ಸರಿಯೇ?

ಹಿರಿಯರು:
ತಪ್ಪು, ತಂಗಿ. ಅದು ಹಲಗೆಗೆ ಲಂಬವಾಗಿರಬೇಕು. ನೆಟ್ಟಗೆ ಇರುವುದು ತೂಕ ಮಾತ್ರ, ಅದೂ ಕೆಳಕ್ಕೆ. ಚಿತ್ರದ ಫೋಟೊ ಹಾಕಿ, ನೋಡುತ್ತೇನೆ.